ಚಂದ್ರಿಕೆ ಹತ್ತದ ಹುಳ

ವರದಿಯಲ್ಲಿ ‘ಕುಟುಂಬ’ ಅಂತ ಒಂದು ಪದ ಇತ್ತು.
ಅತ್ತೆಯ ಕಿವಿಗೆ ಬಿದ್ದದ್ದು ಅದೊಂದೇ.
‘ಯಾರ ಕುಟುಂಬ? ನಮ್ಮಲ್ಲಿ ಯಾರಿಗೂ ಹಿಂಗಿಲ್ಲ.
ಇವಳ ತೌರಲ್ಲಿ ನೋಡ್ರಿ, ಚಿಂತಾಮಣಿ ಕಡೆ,
ಮಾತು ಬಾರದ ಚಿಕ್ಕಪ್ಪ ಒಬ್ಬ ಇದ್ದನಂತೆ.’

ಡಾಕ್ಟರ್ ಅಫ್ಷಾನ್ ಪೆನ್ನು ಕೆಳಗಿಟ್ಟರು.
‘ಅಜ್ಜಿ, ನಿಮ್ಮದೂ ಅಲ್ಲ, ಅವರದೂ ಅಲ್ಲ.
ಇದು ಜೀನುಗಳ ಕುಟುಂಬ, ಟ್ಯೂಬುಲಿನ್ ಅಂತ ಮನೆಹೆಸರು.
ಅಣ್ಣತಮ್ಮಂದಿರು ಬಹಳ. ಹೆಚ್ಚುಕಡಿಮೆ ಒಂದೇ ಮುಖ,
ಪಾಳಿ ಮಾತ್ರ ಬೇರೆ ಬೇರೆ.
ಹುಟ್ಟೋಕೆ ಮುಂಚೆ ಮಿದುಳು ಕಟ್ಟುವಾಗ
ಹೆಚ್ಚು ದುಡಿಯುವವನು ಒಬ್ಬ ಇದ್ದಾನೆ,
ಅವನಲ್ಲಿ ಒಂದು ಅಕ್ಷರ ತಪ್ಪಿದೆ.
ಯಾರೂ ಕೊಟ್ಟದ್ದಲ್ಲ. ನಕಲಾಗುವಾಗ ಆದದ್ದು.’

ನಾವು ಮಗಳಿಗೆ ಲಿಖಿತಾ ಅಂತ ಹೆಸರಿಟ್ಟಿದ್ದೆವು.

ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು:
ಎಲ್ಲರ ಮಿದುಳು ಮಡಿಕೆ ಮಡಿಕೆ,
ಇವಳದು ನುಣ್ಣಗೆ.
‘ಗೂಡಿನ ಹಾಗೆ’ ಅಂದುಬಿಟ್ಟೆ.
‘ರೇಷ್ಮೆಯವರು ನಾವು, ಮೇಲೂರು ಪಕ್ಕ’
ಅಂದ ನನ್ನ ಗಂಡ, ತಪ್ಪೊಪ್ಪಿಕೊಳ್ಳುವವನಂತೆ.

‘ಹಂಗಾದ್ರೆ ನಿಮಗೇ ಗೊತ್ತು.
ಹುಳ ಹಣ್ಣಾದ ಮೇಲೆ ಏನು ಮಾಡುತ್ತೆ?’
ಹತ್ತುತ್ತೆ.
‘ನರಕೋಶವೂ ಹತ್ತುತ್ತೆ. ಆಳದಲ್ಲಿ ಹುಟ್ಟಿ,
ಒಂದು ಎಳೆ ಹಿಡಿದು, ಹೊರಕ್ಕೆ, ಮೇಲಕ್ಕೆ.
ತಡವಾಗಿ ಹುಟ್ಟಿದ್ದು ಮೊದಲು ಹೋದವರನ್ನು ದಾಟಿ ಇನ್ನೂ ಮೇಲಕ್ಕೆ.
ಹತ್ತೋಕೆ ಅದರ ಒಳಗೇ ಒಂದು ಹಳಿ ಬೇಕು,
ಹಳಿಯ ಇಟ್ಟಿಗೆಗಳು ಈ ಕುಟುಂಬದವು.’

‘ಉಳಿದ ಅಣ್ಣತಮ್ಮಂದಿರು ಕೈ ಜೋಡಿಸಲ್ವಾ?’
ಕೇಳಿದವನು ಹೋದ ವರ್ಷ ಭಾಗವಾಗಿ ಬಂದವನು.
‘ಜೋಡಿಸ್ತಾರೆ. ಆದರೆ ಅವನ ಸೊಟ್ಟ ಇಟ್ಟಿಗೆಯೂ
ಅದೇ ಗೋಡೆಯೊಳಗೆ ಸೇರಿಹೋಗಿರುತ್ತಲ್ಲ.’

ಜಂಗಮಕೋಟೆ ಕ್ರಾಸಿನವರೆಗೂ ಯಾರೂ ಮಾತಾಡಲಿಲ್ಲ.
ಬಸ್ಸು ನಿಂತಾಗ ಅತ್ತೆ, ಕಿಟಕಿಯ ಕಡೆ ತಿರುಗಿಕೊಂಡೇ,
‘ನಕಲು ಮಾಡಿದವರು ಯಾರಂತೆ?’

ಹುಳಕ್ಕೆ ನಾಲ್ಕು ಜ್ವರ.
ಜ್ವರದಲ್ಲಿ ಸೊಪ್ಪು ಮುಟ್ಟಲ್ಲ, ತಲೆಯೆತ್ತಿ
ಅಲುಗದೆ ನಿಲ್ಲುತ್ತೆ. ಆಮೇಲೆ ಹಳೇ ಚರ್ಮ ಬಿಟ್ಟು
ಹೊಸದಾಗಿ ಏಳುತ್ತೆ.
ಇವಳೂ ಹಾಗೇ ತಲೆಯೆತ್ತಿ ಬಿಗಿಯುತ್ತಾಳೆ,
ಕಣ್ಣು ಸೂರು ನೋಡುತ್ತೆ, ಹೆಬ್ಬೆರಳು ಮುಷ್ಟಿಯೊಳಗೆ.
ನಾನು ಎಣಿಸುತ್ತೇನೆ, ಕೆಲವು ಸಲ ತೊಂಬತ್ತರವರೆಗೂ.
ಎದ್ದಾಗ ಚರ್ಮ ಅದೇ ಇರುತ್ತೆ.

ನಾಲ್ಕನೇ ಜ್ವರ ಎದ್ದ ಹುಳದ ಹಸಿವು ನೀವು ಕೇಳಬೇಕು.
ಹುಳುಮನೆ ತುಂಬ ಹಂಚಿನ ಮೇಲೆ ಮಳೆ ಬಿದ್ದ ಸದ್ದು,
ಹೊರಗೆ ಮಾತ್ರ ಬಟಾಬಯಲು ಬಿಸಿಲು.
ಕರೆದರೆ ತಿರುಗದ ನನ್ನ ಮಗಳು
ಆ ಸದ್ದಿಗೆ ಅಳು ನಿಲ್ಲಿಸುತ್ತಾಳೆ.
ಯಾವ ಎಳೆ ಹಿಡಿದು ಅಲ್ಲಿಗೆ ಹೋಗುತ್ತಾಳೋ,
ಡಾಕ್ಟರಮ್ಮನಿಗೂ ಗೊತ್ತಿಲ್ಲ. ಕೇಳಿದ್ದೇನೆ.

ನೆನ್ನೆ ರಾತ್ರಿ ಹುಳ ಹಣ್ಣಾದವು.
ಮೈಯೆಲ್ಲ ಜೇನುಬಣ್ಣ, ಬೆಳಕು ತೂರುವಷ್ಟು ತಿಳಿ.
ಎತ್ತಿ ಎತ್ತಿ ಚಂದ್ರಿಕೆಗೆ ಬಿಟ್ಟೆವು,
ಒಂದೊಂದೂ ತನ್ನ ಮೂಲೆ ಹುಡುಕಿಕೊಂಡಿತು.
ಒಂದು ಮಾತ್ರ ತಟ್ಟೆಯಲ್ಲೇ ಉಳಿಯಿತು.
ಎತ್ತಿಟ್ಟೆ, ಜಾರಿತು. ಮತ್ತೆ ಎತ್ತಿಟ್ಟೆ.

ನಾಲ್ಕನೇ ತಿಂಗಳಲ್ಲಿ, ಹುಣಿಸೆ ಚಿಗುರು ಜಗಿಯುತ್ತಾ
ಹಾಗೇ ನಿದ್ದೆ ಹೋದ ರಾತ್ರಿಗಳಲ್ಲಿ
ನನ್ನೊಳಗೆ ಇದೇ ನಡೆದಿತ್ತು.
ಲೆಕ್ಕವಿಲ್ಲದಷ್ಟು ಹತ್ತುತ್ತಿದ್ದವು ಕತ್ತಲಲ್ಲಿ,
ಎತ್ತಿಕೊಡುವ ಒಂದು ಕೈ ಇಲ್ಲದೆ.
ನನ್ನ ಕೈ ಹೊಟ್ಟೆಯ ಮೇಲೇ ಇತ್ತು.
ಹೊರಗಡೆ.

ಮೂರನೇ ಸಲ ಜಾರಿದಾಗ ಬಿಟ್ಟೆ.
ಬೆಳಿಗ್ಗೆ ನೋಡಿದರೆ ತಟ್ಟೆಯ ಮೇಲೆಯೇ ನೂತಿದೆ.
ಗೂಡಲ್ಲ. ಗೋಡೆ ಇಲ್ಲ, ಮಾಡು ಇಲ್ಲ,
ಅರ್ಧ ಅಂಗೈಯಗಲದ ತೆಳು ಹಾಳೆ.
ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಇದಕ್ಕೆ ಕೂಗುವವರಿಲ್ಲ,
ನೂಲು ಬಿಚ್ಚುವ ಬಿಸಿನೀರಿಗೂ ಬೇಡ.

ಅತ್ತೆ ಅದನ್ನು ಎತ್ತಿಕೊಂಡರು,
ಕನ್ನಡಕ ಸರಿಮಾಡಿ ಬೆಳಕಿಗೆ ಹಿಡಿದರು,
ಥೇಟ್ ಡಾಕ್ಟರಮ್ಮ ಹಿಡಿದ ಹಾಗೆ.
‘ನುಣ್ಣಗಿದೆ’ ಅಂದರು.
ಲಿಖಿತಾಳ ಕೆನ್ನೆಯ ಕೆಳಗೆ ಇಟ್ಟರು.

ಜೊಲ್ಲು ಇಳಿದು ಒಂದು ಮೂಲೆ ಒದ್ದೆಯಾಯಿತು.